ಮಗಳ ಹಲ್ಲಿನ ಕ್ಲಿಪ್‌ಗೆ ಆರೋಗ್ಯ ವಿಮೆಯಿಂದ ಹಣ ಸಿಗುತ್ತದೆಯೇ?

ಪ್ರಶ್ನೆ: ನನ್ನ ಮಗಳಿಗೆ 13 ವರ್ಷ. ಮೇಲಿನ ಮುಂಹಲ್ಲುಗಳು ಮುಂದಕ್ಕೆ ಚಾಚಿವೆ, ಒಂದು ಕೋರೆಹಲ್ಲು ಸಾಲು ಬಿಟ್ಟು ಮೇಲೆ ಕುಳಿತಿದೆ. ದಾವಣಗೆರೆಯ ದಂತವೈದ್ಯರೊಬ್ಬರು ಕ್ಲಿಪ್ ಹಾಕಬೇಕು, ಎರಡು ವರ್ಷ ಬೇಕಾಗುತ್ತದೆ, 60,000 ರೂಪಾಯಿ ಖರ್ಚಾಗುತ್ತದೆ ಎಂದಿದ್ದಾರೆ. ಪತಿಯ ಕಂಪನಿ ಕೊಟ್ಟಿರುವ 5 ಲಕ್ಷದ ಆರೋಗ್ಯ ವಿಮೆ ನಮ್ಮೆಲ್ಲರಿಗೂ ಇದೆ. ಅಮೆರಿಕದಲ್ಲಿರುವ ಅಕ್ಕನ ಮಗನ ಕ್ಲಿಪ್‌ಗೆ ವಿಮೆಯೇ ಅರ್ಧ ಹಣ ಕೊಟ್ಟಿತಂತೆ. ನಮಗೂ ಸಿಗುತ್ತದೆಯೇ? ಇಲ್ಲದಿದ್ದರೆ ಹಲ್ಲಿಗೆಂದೇ ಬೇರೆ ವಿಮೆ ಮಾಡಿಸಿ, ಒಂದೆರಡು ವರ್ಷ ಬಿಟ್ಟು ಕ್ಲಿಪ್ ಹಾಕಿಸಿದರೆ ಆಗದೇ?

ಉತ್ತರ: ನಿಮ್ಮ ಪತ್ರದ ಕೊನೆಯ ವಾಕ್ಯ ನನ್ನನ್ನು ಹೆಚ್ಚು ಚಿಂತೆಗೆ ಹಚ್ಚಿತು. ವಿಮೆಯ ಹಣಕ್ಕಾಗಿ ಚಿಕಿತ್ಸೆಯನ್ನು ಮುಂದೂಡಿದ ಕುಟುಂಬಗಳನ್ನು ವಕ್ರದಂತ ಚಿಕಿತ್ಸಕನಾಗಿ ನಾನು ಹಲವು ಬಾರಿ ಕಂಡಿದ್ದೇನೆ. ಅವರಲ್ಲಿ ಯಾರಿಗೂ ಕೊನೆಗೆ ಆ ಹಣ ಬಂದಿದ್ದನ್ನು ನೋಡಿಲ್ಲ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ನೀವು ವಿವರಿಸಿರುವ ಸ್ಥಿತಿಯಲ್ಲಿ, ಭಾರತದ ಸಾಮಾನ್ಯ ಆರೋಗ್ಯ ವಿಮೆ ನಿಮ್ಮ ಮಗಳ ಕ್ಲಿಪ್‌ನ ಖರ್ಚನ್ನು ಕೊಡುವುದಿಲ್ಲ ಎಂದುಕೊಂಡೇ ನೀವು ಲೆಕ್ಕ ಹಾಕಬೇಕು. ಕಂಪನಿಯ ಪಾಲಿಸಿಯಲ್ಲಿ ಒಂದು ಸಣ್ಣ ಸಾಧ್ಯತೆ ಉಳಿದಿರುತ್ತದೆ. ಅದನ್ನು ಹುಡುಕುವ ಬಗೆಯನ್ನು ಮುಂದೆ ಹೇಳುತ್ತೇನೆ.

ಕೊಡದಿರುವುದಕ್ಕೆ ಕಾರಣ ತಿಳಿದರೆ ನಿಮ್ಮ ಉಳಿದ ಪ್ರಶ್ನೆಗಳಿಗೂ ಉತ್ತರ ಸಿಗುತ್ತದೆ. ನಮ್ಮ ಆರೋಗ್ಯ ವಿಮೆ ಆಸ್ಪತ್ರೆಯ ಹಾಸಿಗೆಯ ಸುತ್ತ ಕಟ್ಟಿದ ವ್ಯವಸ್ಥೆ. ರೋಗಿ ಕನಿಷ್ಠ 24 ಗಂಟೆ ದಾಖಲಾಗಿರಬೇಕು, ಇಲ್ಲವೇ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಂತೆ ಒಂದೇ ದಿನದಲ್ಲಿ ಮುಗಿಯುವ, ಅರಿವಳಿಕೆ ಕೊಟ್ಟು ಮಾಡುವ ಡೇ ಕೇರ್ ಚಿಕಿತ್ಸೆಯಾಗಿರಬೇಕು. ಸಾಮಾನ್ಯವಾಗಿ ಹೊರರೋಗಿಯಾಗಿ ಪಡೆಯುವ ಚಿಕಿತ್ಸೆ ಡೇ ಕೇರ್ ಎನಿಸಿಕೊಳ್ಳುವುದಿಲ್ಲ ಎಂದು ಆ ಪದದ ವ್ಯಾಖ್ಯೆಯಲ್ಲೇ ಬರೆದಿರುತ್ತದೆ. ದಾಖಲಾಗುವ ಮುಂಚಿನ ಒಂದಷ್ಟು ದಿನ, ಬಿಡುಗಡೆಯ ನಂತರದ 60 ಅಥವಾ 90 ದಿನದ ಔಷಧ ಮತ್ತು ತಪಾಸಣೆಗಳ ಖರ್ಚೂ ಆ ಹಾಸಿಗೆಗೇ ಅಂಟಿಕೊಂಡು ಬರುತ್ತವೆ. ಕ್ಲಿಪ್‌ನ ಚಿಕಿತ್ಸೆ ಇದಕ್ಕೆ ಪೂರಾ ವಿರುದ್ಧ ಸ್ವಭಾವದ್ದು. ಮೊದಲ ದಿನ ಎಕ್ಸ್‌ರೇ, ಹಲ್ಲಿನ ಅಚ್ಚು. ಇನ್ನೊಂದು ದಿನ ಹಲ್ಲುಗಳಿಗೆ ಬ್ರಾಕೆಟ್ ಅಂಟಿಸಿ ತಂತಿ ಕೂರಿಸುವುದು. ಆಮೇಲೆ ನಾಲ್ಕರಿಂದ ಆರು ವಾರಕ್ಕೊಮ್ಮೆ ಬಂದು ತಂತಿ ಬಿಗಿಸಿಕೊಳ್ಳುವುದು. ಹೀಗೆ ಒಂದೂವರೆಯಿಂದ ಎರಡು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ನಡೆಯುತ್ತದೆ. ಇಷ್ಟೂ ಭೇಟಿಗಳಲ್ಲಿ ಮಗು ಒಂದು ರಾತ್ರಿಯೂ ಆಸ್ಪತ್ರೆಯಲ್ಲಿ ಮಲಗುವುದಿಲ್ಲ.

ಎರಡನೆಯ ಕಾರಣ ಪಾಲಿಸಿಯ ಹೊರತುಪಡಿಕೆಗಳ, ಅಂದರೆ ವಿಮೆ ಹಣ ಕೊಡದ ಚಿಕಿತ್ಸೆಗಳ, ಪಟ್ಟಿಯಲ್ಲಿದೆ. ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2019ರಲ್ಲಿ ಎಲ್ಲ ಕಂಪನಿಗಳ ಹೊರತುಪಡಿಕೆಗಳಿಗೂ ಒಂದೇ ಬಗೆಯ ಭಾಷೆಯನ್ನು ಗೊತ್ತುಮಾಡಿತು. ಅದರ ಎಂಟನೆಯ ಸಂಕೇತ ಸೌಂದರ್ಯ ಚಿಕಿತ್ಸೆಗೆ ಸಂಬಂಧಿಸಿದ್ದು: ರೂಪವನ್ನು ಬದಲಿಸುವ ಯಾವುದೇ ಚಿಕಿತ್ಸೆಗೆ ಹಣವಿಲ್ಲ, ಅಪಘಾತ, ಸುಟ್ಟಗಾಯ ಅಥವಾ ಕ್ಯಾನ್ಸರ್ ನಂತರದ ಮರುರಚನೆಗೆ ಮತ್ತು ಆರೋಗ್ಯಕ್ಕಿರುವ ನೇರವಾದ, ತಕ್ಷಣದ ಅಪಾಯವನ್ನು ನೀಗಿಸಲು ವೈದ್ಯಕೀಯವಾಗಿ ಅಗತ್ಯವಿರುವ ಚಿಕಿತ್ಸೆಗೆ ಮಾತ್ರ ವಿನಾಯಿತಿ. ಇದರ ಜೊತೆಗೆ ಬಹುತೇಕ ಪಾಲಿಸಿಗಳಲ್ಲಿ ಹಲ್ಲಿನ ಚಿಕಿತ್ಸೆಗೆಂದೇ ಇನ್ನೊಂದು ಸಾಲು ಇರುತ್ತದೆ. ಅಪಘಾತದಿಂದಾಗಿ ಆಸ್ಪತ್ರೆಗೆ ದಾಖಲಾಗಬೇಕಾದ ಸಂದರ್ಭವನ್ನು ಬಿಟ್ಟು ದಂತ ಚಿಕಿತ್ಸೆ ಈ ಪಾಲಿಸಿಯಲ್ಲಿ ಸೇರಿಲ್ಲ ಎನ್ನುವುದು ಆ ಸಾಲಿನ ತಾತ್ಪರ್ಯ. 2020ರ ಏಪ್ರಿಲ್‌ನಿಂದ ಎಲ್ಲ ಕಂಪನಿಗಳೂ ಒಂದೇ ಮಾದರಿಯಲ್ಲಿ ಮಾರುತ್ತಿರುವ ಆರೋಗ್ಯ ಸಂಜೀವಿನಿ ಪಾಲಿಸಿ ಸ್ವಲ್ಪ ಉದಾರವಾಗಿದ್ದು, ರೋಗ ಅಥವಾ ಗಾಯದಿಂದ ಅಗತ್ಯವಾದ ದಂತ ಚಿಕಿತ್ಸೆಯನ್ನು ಒಪ್ಪುತ್ತದೆ. ಆದರೆ ಆ ಸಾಲೂ ಆಸ್ಪತ್ರೆಗೆ ದಾಖಲಾದವರ ಖರ್ಚಿನ ಶೀರ್ಷಿಕೆಯ ಕೆಳಗೇ ಬರುತ್ತದೆ. ಈ ಒಂದು ವಾಕ್ಯವನ್ನು ನಂಬಿಕೊಂಡು ಕ್ಲಿಪ್‌ನ ಬಿಲ್ ಸಲ್ಲಿಸಿ ನಿರಾಶರಾದವರೂ ಇದ್ದಾರೆ.

ಕ್ಲಿಪ್ ಎಂದರೆ ಅಂದಕ್ಕಾಗಿ ಮಾತ್ರ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ತೀರ ಚಾಚಿದ ಮುಂಹಲ್ಲು ಆಟವಾಡುವ ವಯಸ್ಸಿನ ಮಕ್ಕಳಲ್ಲಿ ಪೆಟ್ಟಿಗೆ ಮೊದಲು ಸಿಗುತ್ತದೆ. ಒತ್ತೊತ್ತಾಗಿ ಬೆಳೆದ ಹಲ್ಲುಗಳ ನಡುವೆ ಬ್ರಷ್ ತಲುಪುವುದಿಲ್ಲ. ದವಡೆಯೊಳಗೇ ಅಡ್ಡವಾಗಿ ಉಳಿದ ಕೋರೆಹಲ್ಲು ಪಕ್ಕದ ಹಲ್ಲಿನ ಬೇರನ್ನು ಸವೆಸಬಲ್ಲದು. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಈ ವ್ಯತ್ಯಾಸವನ್ನು ಅಳೆಯಲೆಂದೇ ಐದು ದರ್ಜೆಗಳ ಒಂದು ಅಳತೆಗೋಲನ್ನು ಬಳಸುತ್ತದೆ. ಮೇಲಿನ ಮುಂಹಲ್ಲು ಕೆಳಗಿನದಕ್ಕಿಂತ 6 ಮಿಲಿಮೀಟರಿಗೂ ಹೆಚ್ಚು ಮುಂದಿದ್ದರೆ ಅದು ನಾಲ್ಕನೆಯ ದರ್ಜೆ, 9 ಮಿಲಿಮೀಟರ್ ದಾಟಿದರೆ ಐದನೆಯದು. ನಾಲ್ಕು ಮತ್ತು ಐದನೆಯ ದರ್ಜೆಯ 18 ವರ್ಷದೊಳಗಿನ ಮಕ್ಕಳಿಗೆ ಅಲ್ಲಿ ಕ್ಲಿಪ್ ಉಚಿತ. ನಮ್ಮ ವಿಮೆಯಲ್ಲಿ ಅಂಥ ಯಾವ ಅಳತೆಗೋಲೂ ಇಲ್ಲ. ಹಾಗಾಗಿ ನಿಮ್ಮ ದಂತವೈದ್ಯರು ಚಿಕಿತ್ಸೆ ಅಗತ್ಯವೆಂದು ಎಷ್ಟು ಚೆನ್ನಾಗಿ ಪತ್ರ ಬರೆದುಕೊಟ್ಟರೂ, ಆ ಪತ್ರವನ್ನು ಪರಿಗಣಿಸುವ ಜಾಗವೇ ಪಾಲಿಸಿಯಲ್ಲಿ ಇರುವುದಿಲ್ಲ. ಇದು ಸರಿಯಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದರೆ ಇವತ್ತಿನ ಸ್ಥಿತಿ ಇದು.

ನಿಮ್ಮ ಅಕ್ಕನವರ ವಿಷಯ ಬೇರೆಯೇ. ಅಮೆರಿಕದಲ್ಲಿ ಆರೋಗ್ಯ ವಿಮೆ ಮತ್ತು ದಂತ ವಿಮೆ ಎರಡು ಪ್ರತ್ಯೇಕ ಪಾಲಿಸಿಗಳು. ಉದ್ಯೋಗದಾತರು ಕೊಡುವ ದಂತ ವಿಮೆಗಳಲ್ಲಿ ಹಲವು ಮಕ್ಕಳ ಕ್ಲಿಪ್‌ನ ಖರ್ಚಿನಲ್ಲಿ ಅರ್ಧವನ್ನು, ಒಬ್ಬರಿಗೆ ಜೀವನದಲ್ಲಿ ಒಟ್ಟು ಇಷ್ಟೇ ಡಾಲರ್ ಎಂಬ ಮಿತಿಯೊಳಗೆ ಕೊಡುತ್ತವೆ. ಆ ಮಿತಿ ಸಾಮಾನ್ಯವಾಗಿ ಒಂದೆರಡು ಸಾವಿರ ಡಾಲರ್ ಇರುವುದರಿಂದ, ಅರ್ಧ ಎಂದು ಹೇಳಿದರೂ ಕೈಗೆ ಬರುವುದು ಅದಕ್ಕಿಂತ ಕಡಿಮೆ ಇರಬಹುದು. ಅಲ್ಲಿ ಕೂಡ ಕ್ಲಿಪ್‌ಗೆ ಕಾಯುವ ಅವಧಿ, ಅಂದರೆ ಪಾಲಿಸಿ ಕೊಂಡ ಮೇಲೆ ಇಷ್ಟು ಕಾಲ ಹಣವಿಲ್ಲ ಎಂಬ ಷರತ್ತು, ಇಡುವ ಪಾಲಿಸಿಗಳಿವೆ. ಅಲ್ಲಿಯ ಅನುಭವವನ್ನು ಇಲ್ಲಿಗೆ ಹೊಂದಿಸಲು ಬರುವುದಿಲ್ಲ. ಏಕೆಂದರೆ ಆ ಬಗೆಯ ದಂತ ವಿಮೆಯ ಮಾರುಕಟ್ಟೆ ನಮ್ಮಲ್ಲಿ ಬೆಳೆದೇ ಇಲ್ಲ.

ಈಗ ನಿಮ್ಮ ಪತಿಯ ಕಂಪನಿಯ ಪಾಲಿಸಿಗೆ ಬರೋಣ. ಗುಂಪು ವಿಮೆಯಲ್ಲಿ ಒಂದು ಅನುಕೂಲವಿದೆ: ಕಂಪನಿ ಹೆಚ್ಚು ಹಣ ಕಟ್ಟಿದರೆ ಷರತ್ತುಗಳನ್ನು ಬೇಕಾದಂತೆ ಹೊಂದಿಸಿಕೊಳ್ಳಬಹುದು. ಕೆಲವು ಕಂಪನಿಗಳು ಹೊರರೋಗಿ ಚಿಕಿತ್ಸೆಗೆ, ಅಂದರೆ ಒಪಿಡಿ ಖರ್ಚಿಗೆ, ವರ್ಷಕ್ಕೆ ಇಷ್ಟು ಎಂದು ಪ್ರತ್ಯೇಕ ಮೊತ್ತ ಇಟ್ಟಿರುತ್ತವೆ ಮತ್ತು ಅದರಲ್ಲಿ ಹಲ್ಲಿಗೂ ಒಂದು ಪಾಲು ಇರುತ್ತದೆ. ಮಾನವ ಸಂಪನ್ಮೂಲ ವಿಭಾಗದವರು ಹಂಚುವ ಎರಡು ಪುಟದ ಸಾರಾಂಶವನ್ನು ನೆಚ್ಚಿಕೊಳ್ಳಬೇಡಿ. ಪೂರ್ಣ ಪಾಲಿಸಿ ದಾಖಲೆ ಮತ್ತು ಕಂಪನಿಗೆ ಅನ್ವಯಿಸುವ ವಿಶೇಷ ಷರತ್ತುಗಳ ಪಟ್ಟಿ ಎರಡನ್ನೂ ಇಮೇಲ್‌ನಲ್ಲಿ ಕೇಳಿ ಪಡೆಯಿರಿ. ಅದರಲ್ಲಿ ಒಪಿಡಿ ಎಂಬ ಪದವನ್ನು, ದಂತ ಚಿಕಿತ್ಸೆಗೆ ಇಷ್ಟೇ ಹಣ ಎಂದು ಇಟ್ಟಿರುವ ಉಪಮಿತಿಯನ್ನು, ಆಮೇಲೆ ಮುಖ್ಯವಾಗಿ ವಕ್ರದಂತ ಚಿಕಿತ್ಸೆಗೆ ಬಳಸುವ ಆರ್ಥೊಡಾಂಟಿಕ್ ಎಂಬ ಪದವನ್ನು ಹುಡುಕಿ. ಹಲ್ಲು ತುಂಬುವುದಕ್ಕೆ, ಬೇರುನಾಳದ ಚಿಕಿತ್ಸೆಗೆ, ಹಲ್ಲು ಕೀಳುವುದಕ್ಕೆ ಹಣ ಕೊಡುವ ಒಪಿಡಿ ಪಾಲಿಸಿಗಳೇ ಕ್ಲಿಪ್, ಇಂಪ್ಲಾಂಟ್ ಮತ್ತು ಹಲ್ಲು ಬಿಳುಪಾಗಿಸುವುದನ್ನು ಹೆಸರಿಸಿ ಹೊರಗಿಡುವುದು ಸಾಮಾನ್ಯ. ಕ್ಲಿಪ್‌ನ ಹೆಸರು ಹೊರತುಪಡಿಕೆಯಲ್ಲಿ ಇಲ್ಲವೆಂದು ಕಂಡರೆ, ಚಿಕಿತ್ಸೆ ಆರಂಭಿಸುವ ಮುನ್ನವೇ ವಿಮಾ ಕಂಪನಿಗೆ ಅಥವಾ ಕ್ಲೇಮ್ ನಿರ್ವಹಿಸುವ ಟಿಪಿಎಗೆ ಬರೆದು, ಇಷ್ಟು ಹಣ ಸಿಗುತ್ತದೆ ಎಂಬ ಲಿಖಿತ ಉತ್ತರ ಪಡೆದುಕೊಳ್ಳಿ. ಫೋನಿನಲ್ಲಿ ಸಿಕ್ಕ ಭರವಸೆಯನ್ನು ನಂಬಿ ಬಿಲ್ ಕಟ್ಟಿದವರಿಗೆ ಆಮೇಲೆ ತೋರಿಸಲು ಏನೂ ಇರುವುದಿಲ್ಲ.

ಒಪಿಡಿ ಮೊತ್ತ ಸಿಕ್ಕರೂ ಅದರ ಅಳತೆ ಸಣ್ಣದೇ. ಉದಾಹರಣೆಗೆ ವರ್ಷಕ್ಕೆ 5,000 ರೂಪಾಯಿಯ ದಂತ ಉಪಮಿತಿ ಇದೆ ಎಂದುಕೊಳ್ಳಿ. ಎರಡು ಪಾಲಿಸಿ ವರ್ಷಗಳಲ್ಲಿ 10,000 ಆಯಿತು. ಕ್ಲಿಪ್ ಹೊರಗಿದ್ದರೂ ಅದಕ್ಕೆ ಮುಂಚಿನ ಪೂರ್ಣ ದವಡೆಯ ಎಕ್ಸ್‌ರೇ, ಹಲ್ಲು ಸ್ವಚ್ಛಗೊಳಿಸುವುದು, ಹುಳುಕು ತುಂಬುವುದು, ಜಾಗ ಮಾಡಲು ಹಲ್ಲು ಕೀಳಬೇಕಾಗಿ ಬಂದರೆ ಅದು, ಇವುಗಳಿಗೆ ಆ ಮೊತ್ತ ಬಳಕೆಯಾಗಬಹುದು. ಇವೆಲ್ಲಕ್ಕೂ ಕ್ಲಿಪ್‌ನ ಪ್ಯಾಕೇಜ್‌ನಲ್ಲಿ ಸೇರಿಸದೆ ಬೇರೆ ಬೇರೆ ರಸೀದಿ ಕೊಡಿ ಎಂದು ವೈದ್ಯರನ್ನು ಕೇಳುವುದರಲ್ಲಿ ತಪ್ಪಿಲ್ಲ, ಏಕೆಂದರೆ ಅವು ನಿಜಕ್ಕೂ ಬೇರೆ ಬೇರೆ ಚಿಕಿತ್ಸೆಗಳೇ.

ಹಲ್ಲಿಗೆಂದೇ ಹೊಸ ವಿಮೆ ಮಾಡಿಸುವ ಯೋಚನೆಯನ್ನು ಬಿಡಿ ಎನ್ನುತ್ತೇನೆ. ದಂತ ವಿಮೆ ಎಂಬ ಹೆಸರಿನಲ್ಲಿ ನಮ್ಮ ಊರುಗಳಲ್ಲಿ ಮಾರಾಟವಾಗುವ ಹಲವು ಕಾರ್ಡುಗಳು ವಿಮೆಯೇ ಅಲ್ಲ. ಅವು ಗೊತ್ತಾದ ಕ್ಲಿನಿಕ್‌ಗಳಲ್ಲಿ ರಿಯಾಯಿತಿ ಕೊಡಿಸುವ ಸದಸ್ಯತ್ವಗಳು. ನಿಜವಾದ ವಿಮಾ ಪಾಲಿಸಿಗೆ ಐಆರ್‌ಡಿಎಐ ನೋಂದಣಿ ಪಡೆದ ಕಂಪನಿಯ ಹೆಸರು ಮತ್ತು ಯುಐಎನ್ ಎಂಬ ವಿಶಿಷ್ಟ ಗುರುತಿನ ಸಂಖ್ಯೆ ಇರಲೇಬೇಕು. ಕಾಗದದ ಮೇಲೆ ಅದು ಕಾಣದಿದ್ದರೆ ಹಣ ಕೊಡಬೇಡಿ. ಒಪಿಡಿ ಸೌಲಭ್ಯವಿರುವ ನಿಜವಾದ ಪಾಲಿಸಿಯನ್ನೇ ಕೊಂಡರೂ ಲೆಕ್ಕ ಕೂಡುವುದಿಲ್ಲ. ನಿಮ್ಮ ಮಗಳಿಗೆ ಕ್ಲಿಪ್ ಬೇಕೆಂದು ವೈದ್ಯರು ಈಗಾಗಲೇ ಹೇಳಿಯಾಗಿದೆ. ಮುಂದೆ ಬರಬಹುದೋ ಬಾರದಿರಬಹುದೋ ಎಂಬ ಖರ್ಚನ್ನು ಹಂಚಿಕೊಳ್ಳಲು ವಿಮೆ ಇದೆ. ಬರುವುದು ಖಚಿತವೆಂದು ಗೊತ್ತಿರುವ ಖರ್ಚನ್ನು ಯಾವ ಕಂಪನಿಯೂ ತನ್ನ ನಷ್ಟಕ್ಕೆ ಹೊತ್ತುಕೊಳ್ಳುವುದಿಲ್ಲ. ಕಾಯುವ ಅವಧಿ, ಉಪಮಿತಿ, ಹೆಚ್ಚಿನ ಪ್ರೀಮಿಯಂ ಇವುಗಳಲ್ಲಿ ಯಾವುದಾದರೂ ಒಂದರ ಮೂಲಕ ಆ ಹಣ ಮತ್ತೆ ನಿಮ್ಮಿಂದಲೇ ಹೋಗುತ್ತದೆ. ತೆರಿಗೆಯ ವಿಷಯದಲ್ಲೂ ಇದೇ ಕಥೆ: ಆದಾಯ ತೆರಿಗೆಯಲ್ಲಿ ಆರೋಗ್ಯ ವಿಮೆಗೆಂದು ಇರುವ ವಿನಾಯಿತಿ ಸಿಗುವುದು ಪ್ರೀಮಿಯಂಗೆ ಮತ್ತು 5,000 ರೂಪಾಯಿಯವರೆಗಿನ ಮುನ್ನೆಚ್ಚರಿಕೆಯ ತಪಾಸಣೆಗೆ, ನಿಮ್ಮಂಥವರ ಕ್ಲಿಪ್ ಬಿಲ್‌ಗೆ ಅಲ್ಲ.

ಕಾಯುವುದರ ಬಗ್ಗೆ ಇನ್ನೂ ಒಂದು ಮಾತು ಹೇಳಲೇಬೇಕು. ಮುಂಹಲ್ಲು ಚಾಚಿರುವುದಕ್ಕೆ ಹಲ್ಲೇ ಕಾರಣವಾಗಿದ್ದರೆ ಎರಡು ವರ್ಷ ತಡವಾದರೂ ಸರಿಪಡಿಸಬಹುದು. ಕೆಳದವಡೆ ಹಿಂದುಳಿದಿರುವುದೇ ಕಾರಣವಾಗಿದ್ದರೆ, ಮಗುವಿನ ಬೆಳವಣಿಗೆ ಚುರುಕಾಗಿರುವ ಕಾಲದಲ್ಲಿ, ಕೆಳದವಡೆಯನ್ನು ಮುಂದಕ್ಕೆ ತರುವ ಟ್ವಿನ್ ಬ್ಲಾಕ್‌ನಂಥ ಉಪಕರಣದಿಂದ ಸಿಗುವ ಪ್ರಯೋಜನ ಆಮೇಲೆ ಸಿಗುವುದಿಲ್ಲ. ಹೆಣ್ಣುಮಕ್ಕಳಲ್ಲಿ ಆ ಕಾಲ ಹುಡುಗರಿಗಿಂತ ಬೇಗ ಬಂದು ಬೇಗ ಮುಗಿಯುತ್ತದೆ. 13 ವರ್ಷವೆಂದರೆ ಅದರ ಕೊನೆಯ ಭಾಗವಾಗಿರಬಹುದು. ಬಿಡಿಎಸ್ ನಂತರ ಮೂರು ವರ್ಷದ ಎಂಡಿಎಸ್ ಮಾಡಿದ ಆರ್ಥೊಡಾಂಟಿಸ್ಟ್ ಒಬ್ಬರಿಗೆ ತೋರಿಸಿ, ತಲೆಯ ಪಾರ್ಶ್ವ ಎಕ್ಸ್‌ರೇ ನೋಡಿ, ತೊಂದರೆ ಹಲ್ಲಿನದೋ ದವಡೆಯದೋ ಎಂದು ಸ್ಪಷ್ಟವಾಗಿ ಕೇಳಿ. ಸಾಲು ಬಿಟ್ಟ ಆ ಕೋರೆಹಲ್ಲು ಕಣ್ಣಿಗೆ ಕಾಣುವಂತೆ ಹುಟ್ಟಿರುವುದು ಸಮಾಧಾನದ ಸಂಗತಿ.

ಹಾಗಾದರೆ ವಿಮೆ ಎಂದೂ ನೆರವಿಗೆ ಬರುವುದಿಲ್ಲವೇ? ಬರುತ್ತದೆ, ಆದರೆ ಅದು ಬರುವ ಜಾಗಗಳೇ ಬೇರೆ. ಸೈಕಲ್‌ನಿಂದ ಬಿದ್ದ ಹನ್ನೆರಡರ ಹುಡುಗನೊಬ್ಬನನ್ನು ಕೆಲವು ವರ್ಷಗಳ ಹಿಂದೆ ನಾನಿದ್ದ ಆಸ್ಪತ್ರೆಗೆ ಕರೆತಂದಿದ್ದರು. ಕಿತ್ತು ಬಂದ ಮುಂಹಲ್ಲನ್ನು ಅವನ ಅಜ್ಜಿ ಒಂದು ಸ್ಟೀಲ್ ಲೋಟದ ಹಾಲಿನಲ್ಲಿ ಮುಳುಗಿಸಿ, ಮೇಲೆ ತಟ್ಟೆ ಮುಚ್ಚಿ ಹಿಡಿದುಕೊಂಡು ಬಂದಿದ್ದರು. ಅವರ ಆ ಜಾಣ್ಮೆಯಿಂದ ಹಲ್ಲು ಉಳಿಯಿತು. ತುಟಿಗೂ ದವಡೆಗೂ ಪೆಟ್ಟಾಗಿದ್ದರಿಂದ ಹುಡುಗ ಎರಡು ದಿನ ದಾಖಲಾಗಿದ್ದ. ಹಲ್ಲನ್ನು ಮರಳಿ ಕೂರಿಸಿ ತಂತಿಯಿಂದ ಬಿಗಿದ ಖರ್ಚು, ಹೊಲಿಗೆ, ಔಷಧ ಎಲ್ಲವನ್ನೂ ವಿಮೆ ಕೊಟ್ಟಿತು. ಒಂದು ವರ್ಷದ ನಂತರ ಅದೇ ಹಲ್ಲುಗಳ ಸಾಲು ಸರಿಪಡಿಸಲು ಹಾಕಿದ ಕ್ಲಿಪ್‌ಗೆ ಅದೇ ಕಂಪನಿ ಕೊಡಲಿಲ್ಲ. ದಾಖಲಾತಿ ಮುಗಿದು 60 ದಿನ ಎಂದೋ ಕಳೆದಿತ್ತು. ಆ ತಂದೆಗೆ ಆದ ಬೇಸರ ನನಗೆ ಅರ್ಥವಾಗುತ್ತದೆ, ಆದರೆ ಪಾಲಿಸಿಯ ಮಾತಿನ ಪ್ರಕಾರ ಅದನ್ನು ತಪ್ಪೆನ್ನಲು ದಾರಿ ಇರಲಿಲ್ಲ.

ಇನ್ನೊಂದು ಸಂದರ್ಭ ದವಡೆಯ ಶಸ್ತ್ರಚಿಕಿತ್ಸೆಯದು. ಬೆಳವಣಿಗೆ ನಿಂತ ಮೇಲೆ ದವಡೆಯ ಮೂಳೆಯನ್ನೇ ಸರಿಸಿ ಕೂರಿಸುವ ಈ ಚಿಕಿತ್ಸೆಗೆ ಸಂಪೂರ್ಣ ಅರಿವಳಿಕೆ ಬೇಕು, ಆಸ್ಪತ್ರೆವಾಸ ಬೇಕು. ಆದ್ದರಿಂದ ಹಾಸಿಗೆಯ ಷರತ್ತು ಪೂರೈಸುತ್ತದೆ, ಜಗಳ ಹುಟ್ಟುವುದು ಸೌಂದರ್ಯದ ಹೊರತುಪಡಿಕೆಯಿಂದ. ಹತ್ತೊಂಬತ್ತರ ಒಬ್ಬಳಿಗೆ ಮೇಲಿನ ಕೆಳಗಿನ ಮುಂಹಲ್ಲುಗಳು ಒಂದನ್ನೊಂದು ಮುಟ್ಟುತ್ತಲೇ ಇರಲಿಲ್ಲ. ಜೋಳದ ರೊಟ್ಟಿಯನ್ನು ಕಚ್ಚಿ ಹರಿಯಲಾಗದೆ, ಕೈಯಲ್ಲಿ ಚೂರು ಮಾಡಿ ದವಡೆಹಲ್ಲಿನವರೆಗೆ ಬೆರಳಿನಿಂದ ತಳ್ಳಿ ಅಗಿಯುತ್ತಿದ್ದಳು. ಮದುವೆ ಮನೆಯ ಪಂಕ್ತಿಯಲ್ಲಿ ಕೂರಲು ನಾಚಿಕೆಪಟ್ಟು ತಪ್ಪಿಸಿಕೊಳ್ಳುತ್ತಿದ್ದಳಂತೆ. ಆದರೆ ಆಸ್ಪತ್ರೆಯ ಡಿಸ್ಚಾರ್ಜ್ ಸಾರಾಂಶದ ಮೊದಲ ಸಾಲಿನಲ್ಲಿ, ಮುಖದ ಅಂದ ಸುಧಾರಿಸಬೇಕೆಂದು ರೋಗಿ ಬಂದಿದ್ದಾಳೆ ಎಂದಷ್ಟೇ ಬರೆದಿದ್ದರು. ಊಟದ ವಿಷಯ ಎಲ್ಲಿಯೂ ಇರಲಿಲ್ಲ. ಕ್ಲೇಮ್ ತಿರಸ್ಕೃತವಾಯಿತು. ನಿಜವಾಗಿ ಇರುವ ತೊಂದರೆಯನ್ನು, ಅಂದರೆ ಕಚ್ಚಲಾಗದಿರುವುದು, ಅಗಿಯಲಾಗದಿರುವುದು, ನಿದ್ರೆಯಲ್ಲಿ ಉಸಿರು ಕಟ್ಟುವುದು ಇವುಗಳಲ್ಲಿ ಇದ್ದದ್ದನ್ನು, ಅಳತೆಯ ಸಮೇತ ಮೊದಲ ಭೇಟಿಯ ಚೀಟಿಯಲ್ಲೇ ಬರೆಸುವುದು ಎಷ್ಟು ಮುಖ್ಯವೆಂದು ಅಂದಿನಿಂದ ನಾನು ಪ್ರತಿ ತಂದೆತಾಯಿಗೂ ಹೇಳುತ್ತೇನೆ.

ಸೀಳುತುಟಿ, ಸೀಳಂಗಳದೊಂದಿಗೆ ಹುಟ್ಟಿದ ಮಕ್ಕಳದು ಇನ್ನೂ ಕಷ್ಟದ ವಿಷಯ. ಅವರಿಗೆ ಕ್ಲಿಪ್ ಚಿಕಿತ್ಸೆಯ ಒಂದು ಅವಿಭಾಜ್ಯ ಹಂತ. ಆದರೆ ಸೀಳುತುಟಿ ಹೊರಗೆ ಕಾಣುವ ಜನ್ಮಜಾತ ನ್ಯೂನತೆಯಾದ್ದರಿಂದ ಅನೇಕ ಖಾಸಗಿ ಪಾಲಿಸಿಗಳು ಅದನ್ನೇ ಹೊರಗಿಡುತ್ತವೆ. ಅಂಥ ಮಗು ಮನೆಯಲ್ಲಿದ್ದರೆ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಮೂಲಕ ಹೋಗಬೇಕು. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆಯ ಪಟ್ಟಿಯಲ್ಲಿ ಸೀಳುತುಟಿ ಸೇರಿದೆ, ಶಾಲೆ ಮತ್ತು ಅಂಗನವಾಡಿಗೆ ಬರುವ ತಂಡವೇ ಮುಂದಿನ ಆಸ್ಪತ್ರೆಗೆ ಕಳುಹಿಸುತ್ತದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಕಾರ್ಡ್ ಇರುವವರು ದವಡೆಯ ಮುರಿತದಂಥ ಶಸ್ತ್ರಚಿಕಿತ್ಸೆಗಳಿಗೆ ಅದನ್ನು ಬಳಸಬಹುದು, ಕ್ಲಿಪ್‌ಗೆ ಅಲ್ಲ.

ನಿಮಗೆ ಯಾರಾದರೂ, ಒಂದು ರಾತ್ರಿ ದಾಖಲಾದಂತೆ ತೋರಿಸಿದರೆ ವಿಮೆ ಬರುತ್ತದೆ ಎಂದು ಹೇಳಿದರೆ ದಯವಿಟ್ಟು ಒಪ್ಪಬೇಡಿ. ಇದು ವಂಚನೆ. 60 ತಿಂಗಳು ಸತತವಾಗಿ ಪಾಲಿಸಿ ನಡೆಸಿದವರ ಕ್ಲೇಮನ್ನು ಹಳೆಯ ಮಾಹಿತಿ ಮುಚ್ಚಿಟ್ಟಿದ್ದರೆಂಬ ನೆಪದಲ್ಲಿ ಪ್ರಶ್ನಿಸುವಂತಿಲ್ಲ ಎಂಬ ರಕ್ಷಣೆ ಇದೆ. ಸಾಬೀತಾದ ವಂಚನೆಗೆ ಆ ರಕ್ಷಣೆಯೂ ಸಿಗುವುದಿಲ್ಲ. ಕ್ಲಿಪ್‌ನ 60,000ಕ್ಕಾಗಿ ಇಡೀ ಕುಟುಂಬದ 5 ಲಕ್ಷದ ಆಸರೆಯನ್ನು ಪಣಕ್ಕಿಟ್ಟಂತಾಗುತ್ತದೆ. ನ್ಯಾಯವಾದ ಕ್ಲೇಮ್ ತಿರಸ್ಕೃತವಾದರೆ ದಾರಿ ಬೇರೆ ಇದೆ: ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಇನ್ನು 60,000 ರೂಪಾಯಿಯ ವಿಷಯ. ಸಾದಾ ಲೋಹದ ಕ್ಲಿಪ್‌ಗೆ ಇದು ಖಾಸಗಿ ಕ್ಲಿನಿಕ್‌ಗಳಲ್ಲಿ ಸ್ವಲ್ಪ ಮೇಲ್ಮಟ್ಟದ ದರ. ಅದು ಲೋಹದ್ದೋ, ಹಲ್ಲಿನ ಬಣ್ಣದ ಸೆರಾಮಿಕ್‌ನದೋ ಎಂದು ಕೇಳಿ. ಹಲ್ಲು ಸರಿಯುವುದರಲ್ಲಿ ಎರಡಕ್ಕೂ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ, ಸೆರಾಮಿಕ್ ಕಡಿಮೆ ಕಾಣುತ್ತದೆ ಅಷ್ಟೆ. ಈ ಹಣವನ್ನು ಒಟ್ಟಿಗೆ ಕೊಡಬೇಕಾಗಿಲ್ಲ. ಆರಂಭಕ್ಕೆ 15,000 ಕೊಟ್ಟು ಉಳಿದ 45,000ವನ್ನು 20 ಭೇಟಿಗಳಿಗೆ ಹಂಚಿದರೆ ಪ್ರತಿ ಭೇಟಿಗೆ 2,250 ರೂಪಾಯಿ ಆಗುತ್ತದೆ. ಬಹಳಷ್ಟು ವೈದ್ಯರು ಹೀಗೆ ಬಡ್ಡಿಯಿಲ್ಲದ ಕಂತಿಗೆ ಒಪ್ಪುತ್ತಾರೆ, ಕೇಳಲು ಸಂಕೋಚಪಡಬೇಡಿ. ಅಲ್ಲದೆ ನೀವು ದಾವಣಗೆರೆಯಲ್ಲೇ ಇದ್ದೀರಿ. ಬಾಪೂಜಿ ದಂತ ಮಹಾವಿದ್ಯಾಲಯ, ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಎರಡೂ ನಿಮ್ಮ ಊರಿನಲ್ಲಿವೆ. ದಂತ ಕಾಲೇಜುಗಳ ಆರ್ಥೊಡಾಂಟಿಕ್ಸ್ ವಿಭಾಗದಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರಾಧ್ಯಾಪಕರ ಕಣ್ಗಾವಲಿನಲ್ಲಿ ಚಿಕಿತ್ಸೆ ಮಾಡುತ್ತಾರೆ, ವೆಚ್ಚ ಖಾಸಗಿ ಕ್ಲಿನಿಕ್‌ಗಿಂತ ಸಾಕಷ್ಟು ಕಡಿಮೆ. ಬೆಂಗಳೂರಿನ ಓದುಗರಿಗೆ ವಿಕ್ಟೋರಿಯಾ ಆಸ್ಪತ್ರೆಯ ಬಳಿಯ ಸರ್ಕಾರಿ ದಂತ ಕಾಲೇಜು ಇದೆ. ತಿಂಗಳ ವೇತನ 21,000 ರೂಪಾಯಿಯೊಳಗಿದ್ದು ಇಎಸ್‌ಐ ಇರುವ ಕಲಬುರಗಿ ಕಡೆಯವರು ಅಲ್ಲಿನ ಇಎಸ್‌ಐ ದಂತ ಕಾಲೇಜಿನಲ್ಲಿ ವಿಚಾರಿಸಬಹುದು. ಕಾಲೇಜಿನಲ್ಲಿ ಸರದಿ ಉದ್ದ, ಪ್ರತಿ ಭೇಟಿಗೆ ಅರ್ಧ ದಿನ ಬೇಕು, ಶಾಲೆ ತಪ್ಪುತ್ತದೆ. ಚಿಕಿತ್ಸೆ ಮಾಡುವ ವಿದ್ಯಾರ್ಥಿಯ ಮೂರು ವರ್ಷದ ಕೋರ್ಸು ನಡುವೆ ಮುಗಿದರೆ ಮಗು ಇನ್ನೊಬ್ಬರ ಕೈಗೆ ಹೋಗುತ್ತದೆ. ಅದಕ್ಕಾಗಿ ಮೊದಲ ವರ್ಷದ ವಿದ್ಯಾರ್ಥಿಗೆ ಈ ಕೇಸ್ ಕೊಡಿ ಎಂದು ವಿಭಾಗದ ಮುಖ್ಯಸ್ಥರನ್ನು ವಿನಂತಿಸಿಕೊಳ್ಳುವುದು ಒಳ್ಳೆಯದು.

ಎಲ್ಲೇ ಮಾಡಿಸಿದರೂ ಖರ್ಚಿನ ವಿವರವನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ಬ್ರಾಕೆಟ್ ಕಿತ್ತು ಬಂದರೆ ಮತ್ತೆ ಅಂಟಿಸಲು ಎಷ್ಟು, ಹಲ್ಲು ಕೀಳುವುದು ಅದರಲ್ಲೇ ಸೇರಿದೆಯೇ, ಚಿಕಿತ್ಸೆ ಎರಡು ವರ್ಷ ಮೀರಿದರೆ ಹೆಚ್ಚಿನ ಹಣ ಕೊಡಬೇಕೇ ಎಂಬುದು ಅದರಲ್ಲಿರಲಿ. ಕ್ಲಿಪ್ ಬಿಚ್ಚಿದ ಮೇಲೆ ಹಲ್ಲುಗಳು ಹಿಂದಿನ ಜಾಗಕ್ಕೆ ಮರಳದಂತೆ ಹಿಡಿದಿಡುವ ರಿಟೇನರ್‌ನ ಬೆಲೆಯನ್ನು ತಪ್ಪದೆ ಕೇಳಿ. ಅದು ಒಟ್ಟು ಮೊತ್ತದಲ್ಲಿ ಸೇರಿದೆಯೆಂದು ನಂಬಿದ್ದ ಅನೇಕ ತಂದೆತಾಯಿಗಳು ಕೊನೆಯ ಭೇಟಿಯ ದಿನ ಅದಕ್ಕೆ ಹಣವಿಲ್ಲದೆ, ಮುಂದಿನ ತಿಂಗಳು ಬರುತ್ತೇವೆಂದು ಮಗುವನ್ನು ಕರೆದುಕೊಂಡು ಹೋಗುತ್ತಾರೆ. ಆ ಒಂದು ತಿಂಗಳಲ್ಲೇ ಹಲ್ಲುಗಳು ಸರಿಯಲು ತೊಡಗುತ್ತವೆ.